ನನ್ನ ಗರ್ಭಚೀಲ, ಅವರ ಗಾಬರಿ

ನನ್ನ ಗರ್ಭಚೀಲದಲ್ಲಿ ಗಡ್ಡೆ ಇದೆ ಎಂದು ಮೊದಲು ಹೇಳಿದ ಡಾಕ್ಟರಮ್ಮ ತುಂಬ ಪ್ರೀತಿಯ ಹೆಂಗಸು. ಗೋವಾದ ವಾಸ್ಕೋದಲ್ಲಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅವರ ಕೋಣೆ. ನಮ್ಮ ಕಡೆಯವರು, ಕನ್ನಡದಲ್ಲಿ ಮಾತಾಡುತ್ತಾರೆ ಎನ್ನುವ ಕಾರಣಕ್ಕೆ ಮಂಗೋರ್ ಹಿಲ್‌ನ ನಮ್ಮ ಓಣಿಯ ಹೆಂಗಸರೆಲ್ಲ ಹೊಟ್ಟೆಯ ಕೆಳಗಿನ ಯಾವ ನೋವಿದ್ದರೂ ಅವರಲ್ಲಿಗೇ ಹೋಗುತ್ತಿದ್ದರು. ನಾನೂ ಹೋದೆ. ತಿಂಗಳಲ್ಲಿ ಹದಿನೈದು ದಿನ ರಕ್ತ ಹೋಗುತ್ತಿತ್ತು. ಸಾಂಕೋಲೆಯ ಫ್ಯಾಕ್ಟರಿಯಲ್ಲಿ ನಿಂತು ಕೆಲಸ ಮಾಡುವಾಗ ಕಣ್ಣು ಕತ್ತಲೆ ಬರುತ್ತಿತ್ತು.

ಅವರು ಮಂಚದ ಮೇಲೆ ಮಲಗಿಸಿ ಹೊಟ್ಟೆ ಒತ್ತಿ ನೋಡಿದರು. ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದರು.

"ಮೋಸಂಬಿಯಷ್ಟ ಆಗೇತಿ ನೋಡವ್ವಾ. ಹೆದರಬ್ಯಾಡ. ನನ್ನ ತಂಗಿ ಇದ್ದಂಗ ನೀ. ಮುಂದಿನ ವಾರ ಚೀಲಾನ ತಗದ ಬಿಡೋಣು."

ಅಷ್ಟು ಪ್ರೀತಿಯಿಂದ ಹೇಳಿದ ಮೇಲೆ ಮುಚ್ಚಿಡುವುದು ಸರಿಯಲ್ಲ ಅನ್ನಿಸಿತು. "ಅಕ್ಕಾರ, ಒಂದ ಮಾತ ಹೇಳಬೇಕ್ರಿ. ನನಗ ಎಚ್.ಐ.ವಿ. ಐತ್ರಿ. ಒಂಬತ್ತ ವರ್ಷ ಆತು, ದಿನಾ ಗುಳಿಗಿ ತಗೊಳ್ಳಾಕತ್ತೇನಿ" ಎಂದೆ.

ಬರೆಯುತ್ತಿದ್ದ ಪೆನ್ನು ನಿಂತಿತು. ಅವರು ನನ್ನನ್ನು ನೋಡಲಿಲ್ಲ. ನನ್ನ ಹೊಟ್ಟೆಯನ್ನು ಒತ್ತಿದ್ದ ತಮ್ಮ ಬಲಗೈಯನ್ನು ನೋಡಿಕೊಂಡರು. ಎದ್ದು ಹೋಗಿ ನಲ್ಲಿ ತಿರುಗಿಸಿದರು. ಮೀನು ಮಾರ್ಕೆಟ್ಟಿನಿಂದ ಬಂದವರೂ ಅಷ್ಟು ಹೊತ್ತು ಕೈ ತೊಳೆಯುವುದಿಲ್ಲ. ನಾನು ಅವರ ತಂಗಿಯಾಗಿದ್ದದ್ದು ಒಟ್ಟು ಹನ್ನೊಂದು ನಿಮಿಷ.

ಕೈ ಒರೆಸಿಕೊಂಡು ಬಂದು ಕೂತ ಮೇಲೆ ಅವರ ಮಾತಿಗೆ 'ರೀ' ಸೇರಿಕೊಂಡಿತು. "ನೋಡ್ರಿ, ನಿಮ್ಮ ಕೇಸಿನ್ಯಾಗ ರಿಸ್ಕ್ ಭಾಳ ಐತಿ. ಗಾಯ ಮಾಯೂದಿಲ್ಲ, ಕೀವು ಆಕ್ಕೈತಿ. ನಮ್ಮಲ್ಲಿ ಅಷ್ಟ ಸೌಲತ್ತು ಇಲ್ರಿ."

"ಹೋದ ತಿಂಗಳ ನಮ್ಮ ಓಣಿಯಾಕಿದು ಇಲ್ಲೇ ತಗದೀರಲ್ರಿ?"

"ಆಕಿದು ಬ್ಯಾರೆ ಬಿಡ್ರಿ."

ನಮ್ಮ ಕಡೆ 'ರೀ' ಅನ್ನುವುದು ಮರ್ಯಾದೆ. ಅಂದು ಮಾತ್ರ ಅದು ಹೊಸ್ತಿಲಾಚೆ ನಿಲ್ಲಿಸಿ ಮಾತಾಡಿಸಿದ ಹಾಗೆ ಕೇಳಿಸಿತು. ಹೊರಗೆ ಬಂದು ತಿರುಗಿ ನೋಡಿದರೆ, ಆಯಾ ಒಬ್ಬಳು ನಾನು ಮಲಗಿದ್ದ ಮಂಚದ ಹೊದಿಕೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆಯುತ್ತಿದ್ದಳು.

ಆ ಕಾಯಿಲೆ ನನಗೆ ಹೇಗೆ ಬಂತು ಎಂದು ಇದನ್ನು ಓದುತ್ತಿರುವವರಿಗೂ ಈಗ ಕುತೂಹಲ ಹುಟ್ಟಿರಬೇಕು. ಹುಟ್ಟಲಿ. ಗಡ್ಡೆ ಹೇಗೆ ಬಂತು ಎಂದು ನನ್ನನ್ನು ಇಲ್ಲಿಯವರೆಗೆ ಯಾರೂ ಕೇಳಿಲ್ಲ, ಅದನ್ನು ಕೇಳದೆಯೇ ಎಲ್ಲರೂ ಮರುಕ ತೋರಿಸುತ್ತಾರೆ. ನನ್ನ ಗಂಡನಿಗೆ ಈ ಕಾಯಿಲೆ ಇಲ್ಲ ಎಂದು ಮಾತ್ರ ಹೇಳುತ್ತೇನೆ. ಅವನು ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ವರ್ಷಕ್ಕೊಮ್ಮೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳುತ್ತಾನೆ, ಇಲ್ಲ ಎಂದು ಬರೆಸಿಕೊಂಡು ಬರುತ್ತಾನೆ. ಇದನ್ನು ಕೇಳಿದಾಗ ಕೆಲವು ನರ್ಸುಗಳ ಮುಖ ಸಣ್ಣಗಾಗುವುದನ್ನು ನೋಡಿದ್ದೇನೆ. ಅವರು ಮನಸ್ಸಿನಲ್ಲೇ ಬರೆದಿಟ್ಟಿದ್ದ ಕಥೆಯಲ್ಲಿ ಗಂಡ ಕುಡುಕನಾಗಿದ್ದು ಸತ್ತಿರಬೇಕಿತ್ತು. ಇವನು ಹೊರಗೆ ಬೆಂಚಿನ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿರುತ್ತಾನೆ.

ಎರಡನೆಯ ಆಸ್ಪತ್ರೆ ಮಡಗಾಂವ್ ಕಡೆಗೆ ಹೋಗುವ ದಾರಿಯಲ್ಲಿತ್ತು. ಅಲ್ಲಿಯವರು ಕಾನೂನು ಓದಿಕೊಂಡವರು. ಈ ಕಾಯಿಲೆಯ ನೆಪ ಹೇಳಿ ರೋಗಿಯನ್ನು ವಾಪಸ್ಸು ಕಳಿಸುವಂತಿಲ್ಲ ಎಂದು ಅವರಿಗೆ ಗೊತ್ತಿತ್ತು. ಹಾಗಾಗಿ ಇಲ್ಲ ಎನ್ನಲಿಲ್ಲ. ತಾರೀಖು ಕೊಟ್ಟರು.

ಮೊದಲನೆಯ ತಾರೀಖಿಗೆ ಬೆಳಿಗ್ಗೆಯಿಂದ ಹನಿ ನೀರಿಲ್ಲದೆ, ಹಸಿರು ಗೌನು ತೊಟ್ಟು ಕೂತೆ. ಆ ದಿನದ ಪಟ್ಟಿಯಲ್ಲಿ ನನ್ನ ಹೆಸರು ಕೊನೆಯದು. ಎಲ್ಲರದೂ ಮುಗಿದ ಮೇಲೆ ನನ್ನದು, ಆಮೇಲೆ ಥಿಯೇಟರ್ ಪೂರ್ತಿ ತೊಳೆಯಬೇಕಲ್ಲ ಎಂದು ನರ್ಸಮ್ಮ ವಿವರಿಸಿದಳು. ಹಾಗಾದರೆ ಉಳಿದವರದು ಮುಗಿದ ಮೇಲೆ ತೊಳೆಯುವುದಿಲ್ಲವೇನು ಎಂದು ಕೇಳಬೇಕೆನಿಸಿತು, ಬಾಯಿ ಒಣಗಿತ್ತು. ಸಂಜೆ ನಾಲ್ಕಕ್ಕೆ ಥಿಯೇಟರಿನ ಸಮಯ ಮುಗಿಯಿತು ಎಂದರು. ಎರಡನೆಯ ಸಲ ಎ.ಸಿ. ಕೆಟ್ಟಿದೆ ಎಂದರು. ಅದೇ ಬಾಗಿಲಿನಿಂದ ನನ್ನ ಕಣ್ಣೆದುರೇ ಇನ್ನೊಬ್ಬ ಹೆಂಗಸನ್ನು ಒಳಗೆ ತಳ್ಳಿಕೊಂಡು ಹೋದರು. ಆಕೆಗೆ ಸೆಕೆ ಆಗುವುದಿಲ್ಲವೇನೋ. ಮೂರನೆಯ ಸಲ ಅರಿವಳಿಕೆ ಕೊಡುವ ಡಾಕ್ಟರು ರಜೆಯಲ್ಲಿದ್ದಾರೆ ಎಂದರು. ಬಟ್ಟೆ ಬದಲಿಸಿಕೊಂಡು ಕೆಳಗಿನ ಕ್ಯಾಂಟೀನಿಗೆ ಚಹಾ ಕುಡಿಯಲು ಹೋದರೆ ರಜೆಯಲ್ಲಿದ್ದ ಡಾಕ್ಟರು ಅಲ್ಲೇ ಕೂತು ಪಾವ್‌ಭಾಜಿ ತಿನ್ನುತ್ತಿದ್ದರು. ಮೊದಲ ತಾರೀಖಿಗೆ ನನ್ನನ್ನು ಪರೀಕ್ಷಿಸಿದ್ದವರು. ಪಾಪ, ಒಳ್ಳೆಯ ಮನುಷ್ಯ, ಎದ್ದು ನಿಂತು, "ಅರೇ, ಆಜ್ ಆಪ್‌ಕಾ ಥಾ ಕ್ಯಾ?" ಎಂದರು, ಇವತ್ತು ನಿಮ್ಮದಿತ್ತೇನು ಎಂದು. ಅವರಿಗೆ ಯಾರೂ ಹೇಳಿಯೇ ಇರಲಿಲ್ಲ.

ಅವತ್ತು ನಾನು ನೇರವಾಗಿ ಮುಖ್ಯ ಡಾಕ್ಟರ ಕೋಣೆಗೆ ಹೋದೆ. ವಯಸ್ಸಾದವರು, ಹಿಂದಿಯಲ್ಲೇ ಮಾತಾಡುತ್ತಾರೆ. ಅವರೂ ಅದೇ ಶಬ್ದ ತೆಗೆದರು, ರಿಸ್ಕ್.

"ಕಿಸ್‌ಕೋ ರಿಸ್ಕ್ ಹೈ ಡಾಕ್ಟರ್‌ಸಾಬ್? ಮುಝೆ ಯಾ ಆಪ್‌ಕೋ?" ಎಂದೆ. ಅಪಾಯ ಯಾರಿಗೆ, ನನಗೋ ನಿಮಗೋ ಎಂದು.

ಅವರು ಫ್ಯಾನು ನೋಡುತ್ತಾ, "ದೋನೋಂ ಕೋ" ಎಂದರು, ಇಬ್ಬರಿಗೂ.

ಆ ಆಸ್ಪತ್ರೆಯಲ್ಲಿ ನನಗೆ ಸಿಕ್ಕ ಒಂದೇ ಪ್ರಾಮಾಣಿಕ ಉತ್ತರ ಅದು. ಅದಕ್ಕಾಗಿ ಅವರ ಮೇಲೆ ನನಗೆ ಇವತ್ತಿಗೂ ಅರ್ಧ ಗೌರವ ಇದೆ.

ಇಷ್ಟರಲ್ಲಿ ಮೂರು ತಿಂಗಳು ಕಳೆದಿತ್ತು. ರಕ್ತ ತಾರೀಖು ನೋಡಿಕೊಂಡು ನಿಲ್ಲುವುದಿಲ್ಲ. ಉಗುರು ಕಾಗದದಂತೆ ಬೆಳ್ಳಗಾದವು. ಫ್ಯಾಕ್ಟರಿಯಲ್ಲಿ ಒಂದು ದಿನ ಡಬ್ಬಗಳ ರಾಶಿಯ ಮೇಲೆ ಕುಸಿದೆ. ಅಂದು ಮನೆಗೆ ಬಂದವಳು ನನ್ನ ಗಂಡನ ಅಕ್ಕ. ನಮ್ಮ ಮನೆಯಿಂದ ಎರಡು ಓಣಿ ಆಚೆಗೆ ಇರುತ್ತಾಳೆ, ಬೀಚಿನಲ್ಲಿ ಮಣಿಸರ ಮಾರುತ್ತಾಳೆ, ಯಾರ ಮಾತಿಗೂ ಕಾಯುವವಳಲ್ಲ. ಅವಳಿಗೆ ಗಡ್ಡೆಯ ವಿಷಯ ಗೊತ್ತಿತ್ತು, ಇನ್ನೊಂದು ಗೊತ್ತಿರಲಿಲ್ಲ. ನಾನು ದಿನಾ ನುಂಗುವ ಗುಳಿಗೆ ಬಿ.ಪಿ.ಯದ್ದು ಎಂದು ಅವಳಿಗೆ ಹೇಳಿಟ್ಟಿದ್ದೆ.

"ಈ ದವಾಖಾನಿಯವರು ನಿನ್ನ ಕೊಲ್ಲತಾರ. ಸಾಂಖಳಿಯೊಳಗ ಒಬ್ಬ ವೈದ್ಯ ಅದಾನ, ಗಡ್ಡಿ ಕರಗಸ್ತಾನಂತ. ನಡಿ" ಎಂದು ಬಸ್ಸಿಗೆ ಹತ್ತಿಸಿದಳು.

ಸಾಂಖಳಿಯ ವೈದ್ಯ ನನ್ನ ಕೈ ಹಿಡಿದು ನಾಡಿ ನೋಡಿದ. ಬಹಳ ಹೊತ್ತು ಹಿಡಿದಿದ್ದ. ಆ ಡಾಕ್ಟರಮ್ಮ ಕೈ ತೊಳೆದುಕೊಂಡ ಮೇಲೆ ಕೈಗವಸಿಲ್ಲದೆ, ಗಾಬರಿಯಿಲ್ಲದೆ ನನ್ನನ್ನು ಮುಟ್ಟಿದ ಮೊದಲ ಚಿಕಿತ್ಸಕ ಅವನೇ, ಏಕೆಂದರೆ ಅವನಿಗೆ ನಾನು ಏನೂ ಹೇಳಿರಲಿಲ್ಲ. ಕಂದು ಬಣ್ಣದ ಪುಡಿಯ ಪೊಟ್ಟಣ ಕಟ್ಟಿಕೊಟ್ಟ. ನಲವತ್ತೊಂದು ದಿನ ಜೇನುತುಪ್ಪದಲ್ಲಿ ಕಲಸಿ ನೆಕ್ಕಬೇಕು, ಅಲ್ಲಿಯವರೆಗೆ ಇಂಗ್ಲಿಷ್ ಗುಳಿಗೆ ಒಂದನ್ನೂ ಮುಟ್ಟಕೂಡದು ಎಂದ. ಡಾಕ್ಟರುಗಳು ನನ್ನನ್ನು ಮುಟ್ಟಲು ಹೆದರುತ್ತಿದ್ದರು, ಇವನು ನನ್ನನ್ನು ಸಾಯಿಸಲು ಹೆದರುತ್ತಿರಲಿಲ್ಲ. ನಾನು ಹೂಂ ಎಂದು ತಲೆಯಾಡಿಸಿ, ಪುಡಿಯನ್ನು ಎಲ್ಲಿ ಚೆಲ್ಲುವುದು ಎಂದು ಯೋಚಿಸುತ್ತಾ ಹೊರಗೆ ಬಂದೆ.

ವಾಪಸ್ಸು ಬರುವ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದಳು: "ಪುಡಿ ನೀ ತಗೋ, ಚೆಲ್ಲು, ನಿನಗ ಬಿಟ್ಟದ್ದು. ಆದರ ಆ ಗುಳಿಗಿ ಮಾತ್ರ ಬಿಡಬ್ಯಾಡ."

"ಯಾವ ಗುಳಿಗಿ? ಬಿ.ಪಿ.ದಾ?"

"ಬಿ.ಪಿ. ಗುಳಿಗಿ ಪಟ್ಟಿಯೊಳಗ ಬರ್ತಾವು. ನಿನ್ನವು ಡಬ್ಬಿಯೊಳಗ ಬರ್ತಾವು. ತಿಂಗಳಿಗೆ ಒಂದ ಡಬ್ಬಿ. ನನಗ ಕಣ್ಣಿಲ್ಲೇನು?"

ಆ ಗುಳಿಗೆಗಳು ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತವೆ. ಖಾಲಿಯಾದ ಮೇಲೆ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದು, ತೊಳೆದು, ನಾನೇ ಅವಳಿಗೆ ಕೊಡುತ್ತಿದ್ದೆ. ಅವಳು ಅದರಲ್ಲಿ ಬಣ್ಣ ಬಣ್ಣದ ಮಣಿ ತುಂಬಿಸಿಡುತ್ತಿದ್ದಳು.

"ಬೀಚಿನ್ಯಾಗ ನನ್ನ ಬಾಜೂಕ ಒಬ್ಬಾಕಿ ಕೂಡ್ತಾಳ. ಡಬ್ಬಿ ನೋಡಿ, ಅಕ್ಕಾ ಇಂಥಾವು ನಮ್ಮ ಮನ್ಯಾಗೂ ಅದಾವು ಅಂದ್ಲು. ಯಾತರವು ಅಂತ ಕೇಳಿದ್ನಿ. ಅಳಕೋತ ಹೇಳಿದ್ಲು."

"ಯಾವಾಗ?"

"ನಾಕ ವರ್ಷ ಆತು."

ನಾಲ್ಕು ವರ್ಷ! ಆ ನಾಲ್ಕು ವರ್ಷ ಅವಳು ನನ್ನ ತಾಟಿನಲ್ಲಿ ಉಂಡಿದ್ದಾಳೆ, ನಾನು ಕುಡಿದಿಟ್ಟ ಚಹಾ ಕುಡಿದಿದ್ದಾಳೆ, ನನ್ನ ತಲೆ ಬಾಚಿದ್ದಾಳೆ. ಕೃತಜ್ಞತೆ ಉಕ್ಕಬೇಕಿತ್ತು. ನನಗೆ ಬಂದದ್ದು ಸಿಟ್ಟು. ಬಿ.ಪಿ. ಇದೆ ಎಂದು ನಂಬಿಸಲು ನಾನು ಅಷ್ಟೂ ವರ್ಷ ಅವಳೆದುರು ಉಪ್ಪಿನಕಾಯಿ ಮುಟ್ಟಿರಲಿಲ್ಲ.

"ಮೊದಲ ಹೇಳಬಾರದಿತ್ತೇನ? ನಾ ಉಪ್ಪಿನಕಾಯಿ ಬಿಟ್ಟ ಕುಂತೇನಿ."

"ನೀ ಉಪ್ಪಿನಕಾಯಿ ಬ್ಯಾಡ ಅಂದಾಗೆಲ್ಲ ನನಗ ನಗು ಬರ್ತಿತ್ತು. ಹೇಳಬೇಕಾದಾಕಿ ನೀ. ನೀ ಬಿ.ಪಿ. ಅಂದಿ, ನಾ ಬಿ.ಪಿ. ಅಂತ ಇಟಗೊಂಡ್ನಿ." ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅವಳೇ, "ಡಬ್ಬಿ ಕೊಡೋ ದವಾಖಾನಿಗೆ ನಾಳೆ ನಡಿ. ಗುಳಿಗಿ ಕೊಡೋರಿಗೆ ಗಡ್ಡಿ ವಿಷಯ ಹೇಳಿ ಏನ?" ಎಂದಳು.

ಹೇಳಿರಲಿಲ್ಲ. ಅಲ್ಲಿ ಗುಳಿಗೆ ತೆಗೆದುಕೊಂಡು, ಕ್ಯೂನಲ್ಲಿ ಯಾರೂ ಪರಿಚಯದವರು ಕಾಣುವ ಮೊದಲೇ ಓಡಿ ಬರುವುದು ನನ್ನ ರೂಢಿ.

ಗುಳಿಗೆ ಕೊಡುವ ಸರಕಾರಿ ಕೇಂದ್ರದ ಡಾಕ್ಟರು ಒರಟು ಮನುಷ್ಯ. ನನ್ನ ಕಥೆ ಕೇಳಿ ಮೊದಲು ನನ್ನನ್ನೇ ಬೈದರು, ಆಮೇಲೆ ಆಸ್ಪತ್ರೆಗಳನ್ನು ಬೈದರು, ಸಾಂಖಳಿಯ ಪುಡಿಯನ್ನು ಮೂಸಿ ನೋಡಿ ಕಸದ ಬುಟ್ಟಿಗೆ ಹಾಕಿದರು. ನಂತರ ನನ್ನ ಹಳೆಯ ರಿಪೋರ್ಟುಗಳನ್ನು ಮೇಜಿನ ಮೇಲೆ ಹರಡಿ, ಅಕ್ಕನಿಗೂ ಕಾಣುವ ಹಾಗೆ ಬೆರಳಿಟ್ಟು ತೋರಿಸಿದರು. ಗುಳಿಗೆ ತಪ್ಪಿಸದೆ ತೆಗೆದುಕೊಂಡದ್ದರಿಂದ ವರ್ಷಗಳಿಂದ ನನ್ನ ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಗುತ್ತಿಲ್ಲ. ಮೈ ಕಾಯುವ ಕಣಗಳೂ ಸಾಕಷ್ಟಿವೆ. ಅವು ಕಡಿಮೆಯಿದ್ದು, ಗುಳಿಗೆ ಇಲ್ಲದೆ ಬಂದಿದ್ದರೆ ತಾವೇ ತಡೆಯುತ್ತಿದ್ದರಂತೆ. ಅಂಥವರಿಗೆ ಆಪರೇಷನ್ ಆದ ಮೇಲೆ ಜ್ವರ, ಕೀವು, ಹೊಲಿಗೆ ಬಿಚ್ಚುವುದು ಹೆಚ್ಚು. ನನ್ನಂಥವಳಿಗೆ ಎಲ್ಲರಿಗಿರುವ ಅಪಾಯಕ್ಕಿಂತ ಬಹಳ ಬೇರೆಯದೇನಿಲ್ಲ.

"ನನಗೆ ಹೆದರಿಕೆ ಇದನ್ನು ನೋಡಿ" ಎಂದು ಅವರು ಹಿಮೋಗ್ಲೋಬಿನ್ ಬರೆದ ಸಾಲಿಗೆ ಬೆರಳು ಒತ್ತಿ ಹಿಂದಿಯಲ್ಲಿ ಗುಡುಗಿದರು. "ಮೈಯಲ್ಲಿ ರಕ್ತ ಇಲ್ಲದವಳನ್ನು ಕೊಯ್ಯುವುದು ರಿಸ್ಕ್. ಮೂರು ತಿಂಗಳ ಹಿಂದೆ ಇದು ಇಷ್ಟು ಇಳಿದಿರಲಿಲ್ಲ."

ಅಂದರೆ, ಇಲ್ಲದ ಅಪಾಯಕ್ಕೆ ಹೆದರಿ ತಾರೀಖು ಮುಂದೂಡಿದವರು, ಮುಂದೂಡಿ ಮುಂದೂಡಿ ಒಂದು ನಿಜವಾದ ಅಪಾಯವನ್ನು ನನ್ನ ಮೈಯಲ್ಲಿ ತಯಾರು ಮಾಡಿಟ್ಟಿದ್ದರು. ಅವರ ಶ್ರಮ ದೊಡ್ಡದು.

ಕೆಲವು ವಾರ ನನಗೆ ಕಬ್ಬಿಣದಂಶದ ಡ್ರಿಪ್ ಏರಿಸಿದರು, ರಕ್ತ ನಿಲ್ಲಲು ಔಷಧ ಕೊಟ್ಟರು, ಒಂದು ಬಾಟಲಿ ರಕ್ತವನ್ನೂ ಕೊಟ್ಟರು. ಆಮೇಲೆ ಆ ಡಾಕ್ಟರು ತಾವೇ ಚೀಟಿ ಬರೆದು ಸರಕಾರಿ ಆಸ್ಪತ್ರೆಯ ಒಬ್ಬ ಶಸ್ತ್ರಚಿಕಿತ್ಸಕಿಯ ಬಳಿ ಕಳಿಸಿದರು. ಮೂವತ್ತೈದರ ಆಸುಪಾಸಿನ ಹುಡುಗಿ. ತಂಗಿ ಎನ್ನಲಿಲ್ಲ, ಅವ್ವ ಎನ್ನಲಿಲ್ಲ. ರಕ್ತಸ್ರಾವ ಆಗಬಹುದು, ಮೂತ್ರಚೀಲಕ್ಕೆ ಪೆಟ್ಟಾಗಬಹುದು, ಗಾಯಕ್ಕೆ ಸೋಂಕು ತಗಲಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು ಎಂದು ಒಂದೇ ದನಿಯಲ್ಲಿ ಹೇಳಿ ಸಹಿ ಹಾಕಿ ಎಂದಳು. ನನ್ನ ಪಕ್ಕದಲ್ಲಿ ಕೂತಿದ್ದ ಬಿಚೋಲಿ ಊರಿನ ಹೆಂಗಸಿಗೂ ಅದನ್ನೇ ಹೇಳಿದ್ದಳು, ಅದೇ ದನಿಯಲ್ಲಿ. ನನಗೆ ಬಹಳ ಖುಷಿಯಾಯಿತು. ಎಷ್ಟೋ ತಿಂಗಳ ಮೇಲೆ ನಾಲ್ಕು ಜನಕ್ಕಿರುವ ಅಪಾಯ ನನಗೂ ಸಿಕ್ಕಿತ್ತು.

ಡಾಕ್ಟರು ಹಾಗಿದ್ದರೆ ವಾರ್ಡೂ ಹಾಗೇ ಇರಬೇಕೆಂದೇನಿಲ್ಲ. ನನ್ನ ಫೈಲಿಗೆ ಕೆಂಪು ಚೀಟಿ ಬಿತ್ತು. ಮಂಚ ಮೂಲೆಗೆ ಹೋಯಿತು. ಬಕೆಟ್ಟು ಬೇರೆ, ಮಗ್ಗು ಬೇರೆ. ಜ್ವರ ನೋಡಲು ಬಂದ ನರ್ಸು ಎರಡು ಜೊತೆ ಕೈಗವಸು ಹಾಕಿಕೊಂಡಿದ್ದಳು. ನಾನು ಕೆಲಸ ಮಾಡುವುದು ಗುಳಿಗೆ ಪ್ಯಾಕ್ ಮಾಡುವ ಫ್ಯಾಕ್ಟರಿಯಲ್ಲಿ. ಕೈಗವಸಿನ ವಿಷಯದಲ್ಲಿ ನನಗೂ ಸ್ವಲ್ಪ ಅನುಭವವಿದೆ. ನಾವು ಅದನ್ನು ಹಾಕುವುದು ನಮ್ಮ ಕೊಳೆ ಗುಳಿಗೆಗೆ ತಾಗದಿರಲಿ ಎಂದು. ಆಕೆ ಆ ಎರಡು ಜೊತೆಯಲ್ಲೇ ಬಾಗಿಲು ತೆಗೆದಳು, ಮೊಬೈಲು ಎತ್ತಿದಳು, ಮೂಗು ತುರಿಸಿಕೊಂಡಳು, ಪಕ್ಕದ ಮಂಚದವಳ ಡ್ರಿಪ್ ಸರಿಮಾಡಿದಳು. ನಮ್ಮ ಫ್ಯಾಕ್ಟರಿಯಲ್ಲಿ ಹಾಗೆ ಮಾಡಿದ್ದರೆ ಸೂಪರ್‌ವೈಸರು ಅವತ್ತೇ ಗೇಟು ತೋರಿಸುತ್ತಿದ್ದ.

ಆಕೆಯೇ ಆಪರೇಷನ್ನಿನ ಹಿಂದಿನ ದಿನ, "ನಾಳೆ ಏನೂ ನುಂಗುವಂತಿಲ್ಲ, ನಿನ್ನ ಆ ಗುಳಿಗೆಯೂ ಇಲ್ಲ, ಒಂದು ವಾರ ಬಂದ್" ಎಂದು ಹೇಳಿದಳು. ಒಂಬತ್ತು ವರ್ಷ ಒಂದು ದಿನ ತಪ್ಪಿಸದವಳು ನಾನು. ಅಕ್ಕ ಎದ್ದು ಕಾರಿಡಾರಿಗೆ ಹೋಗಿ, ರೌಂಡಿಗೆ ಬರುತ್ತಿದ್ದ ಶಸ್ತ್ರಚಿಕಿತ್ಸಕಿಯನ್ನು ಸೆರಗು ಕಟ್ಟಿಕೊಂಡು ಅಡ್ಡಗಟ್ಟಿದಳು. ಬೀಚಿನಲ್ಲಿ ವಿದೇಶಿಯರನ್ನು ನಿಲ್ಲಿಸುವ ಹಾಗೆ.

"ಮೇಡಮ್, ಏ ಗೋಲಿ ಬಂದ್ ಕರ್ನಾ ಕ್ಯಾ?"

"ಬಿಲ್ಕುಲ್ ನಹೀಂ. ಬೆಳಿಗ್ಗೆ ಒಂದು ಗುಟುಕು ನೀರಲ್ಲಿ ನುಂಗಲಿ. ಅದನ್ನು ನಿಲ್ಲಿಸಿದರೇ ತೊಂದರೆ" ಎಂದಳು ಆಕೆ. ನರ್ಸು ಫೈಲಿನಲ್ಲಿ ಏನನ್ನೋ ಬಹಳ ಗಮನವಿಟ್ಟು ಓದತೊಡಗಿದಳು.

ಮರುದಿನ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿ, ಎದೆಯ ಮೇಲೆ ಪರದೆ ಕಟ್ಟಿದರು. ನಾನು ಎಚ್ಚರವಾಗಿದ್ದೆ. ಪರದೆಯ ಆಚೆ ಯಾರೋ ಗಂಡಸಿನ ದನಿ, "ಪಾಸಿಟಿವ್ ಕೇಸ್ ಹೀಚ್ ಮೂ?" ಎಂದು ಕೊಂಕಣಿಯಲ್ಲಿ ಕೇಳಿತು. ಇದೇ ತಾನೆ, ಎಂದು.

"ಮ್ಹಾಕಾ ಆಯ್ಕೂಂಕ್ ಯೆತಾ" ಎಂದೆ ನಾನು. ನನಗೆ ಕೇಳಿಸುತ್ತದೆ ಎಂದು.

ಶಸ್ತ್ರಚಿಕಿತ್ಸಕಿ ನಕ್ಕಳು. "ಸೊಂಟದ ಕೆಳಗೆ ಕೊಟ್ಟಿದ್ದೀರಿ ಅರಿವಳಿಕೆ, ಕಿವಿಗಲ್ಲ" ಎಂದಳು ಆ ಗಂಡಸಿಗೆ. ಆಮೇಲಿನ ಒಂದೂವರೆ ಗಂಟೆ ಅವರು ಬಂಗಡೆ ಮೀನಿನ ರುಚಿ, ಯಾರದೋ ಮಗಳ ಮದುವೆ, ಹೆದ್ದಾರಿಯ ಟ್ರಾಫಿಕ್ಕು ಎಂದು ಮಾತಾಡಿದರು. ಎಲ್ಲ ಹೆಂಗಸರ ಹೊಟ್ಟೆಯ ಮೇಲೂ ಮಾತಾಡುವ ಮಾತು. ನಾನು ಕೇಳುತ್ತಾ ಕೇಳುತ್ತಾ ನಿದ್ದೆ ಹೋದೆ.

ಆರನೆಯ ದಿನ ಹೊಲಿಗೆಯ ಒಂದು ತುದಿಯಲ್ಲಿ ಕೀವು ಕಂಡಿತು. ಅದನ್ನು ನೋಡಿದ ನರ್ಸಿನ ಮುಖದಲ್ಲಿ ಬಂದ ಸಂತೋಷವನ್ನು ನಾನು ಸಾಯುವವರೆಗೂ ಮರೆಯಲಾರೆ. "ನಾನು ಹೇಳಿರಲಿಲ್ಲವಾ" ಎಂದು ಆಯಾಗೆ ಹೇಳಿದಳು. ನನಗೂ ಭಯವಾಯಿತು, ಸುಳ್ಳು ಹೇಳುವುದಿಲ್ಲ. ಗಾಯ ಮಾಯುವುದಿಲ್ಲ ಎಂದ ಆ ಡಾಕ್ಟರಮ್ಮನ ಮಾತು ನಿಜವಾಗುತ್ತದೆಯೋ ಎಂದು ಮುಖ ಗೋಡೆಗೆ ತಿರುಗಿಸಿ ಅತ್ತೆ. ಶಸ್ತ್ರಚಿಕಿತ್ಸಕಿ ಬಂದು, ಒಂದು ಹೊಲಿಗೆ ಸಡಿಲಿಸಿ, ತೊಳೆದು, ಔಷಧ ಬದಲಿಸಿದಳು.

"ನನ್ನ ಕಾಯಿಲೆಯಿಂದ ಆಯಿತಾ?" ಎಂದು ಹಿಂದಿಯಲ್ಲಿ ಕೇಳಿದೆ.

ಆಕೆ ಬಿಚೋಲಿಯ ಹೆಂಗಸಿನ ಮಂಚದ ಕಡೆ ತೋರಿಸಿದಳು. ಆಕೆಗೂ ಅವತ್ತೇ ಕೀವು ತೆಗೆದಿದ್ದರು. "ಅವರಿಗೆ ಯಾವುದರಿಂದ ಆಯಿತು?" ಎಂದಳು. ಕೈಗವಸು ಕಳಚುತ್ತಾ, "ನಿಮಗೆ ಒಂಚೂರು ಹೆಚ್ಚು ಎಚ್ಚರ ಬೇಕು, ಇಲ್ಲ ಅನ್ನಲ್ಲ. ಎಚ್ಚರ ಬೇರೆ, ಓಡಿಸೋದು ಬೇರೆ" ಎಂದಳು. ಎಂಟು ದಿನದಲ್ಲಿ ಗಾಯ ಒಣಗಿತು. ಬಿಚೋಲಿಯವಳದು ಹತ್ತು ದಿನ ತೆಗೆದುಕೊಂಡಿತು. ಹೋಲಿಸಬಾರದು ಎಂದು ಗೊತ್ತು, ಆದರೂ ಹೋಲಿಸಿ ಸಂತೋಷಪಟ್ಟೆ.

ಬಿಡುಗಡೆಯ ದಿನ, ಗರ್ಭಚೀಲ ಹೋಯಿತೆಂದು ತಪಾಸಣೆ ಬಿಡಬೇಡಿ, ನಿಮ್ಮಂಥವರಿಗೆ ಒಳಗಿನ ಕ್ಯಾನ್ಸರಿನ ಭಯ ಉಳಿದವರಿಗಿಂತ ಹೆಚ್ಚು, ವರ್ಷಕ್ಕೊಮ್ಮೆ ಬನ್ನಿ ಎಂದು ಬರೆದುಕೊಟ್ಟರು. ಈ ಮಾತನ್ನು ಒಂಬತ್ತು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲ. ನನ್ನಿಂದ ಅವರಿಗೆ ಏನಾಗಬಹುದು ಎಂದು ಯೋಚಿಸುವುದರಲ್ಲಿ, ನನಗೆ ಏನಾಗಬಹುದು ಎಂಬುದು ಎಲ್ಲರಿಗೂ ಮರೆತೇ ಹೋಗಿತ್ತು.

ಎರಡು ತಿಂಗಳ ಮೇಲೆ ಫ್ಯಾಕ್ಟರಿಗೆ ಹೋದೆ. ಏನು ಆಪರೇಷನ್ ಎಂದು ಸೂಪರ್‌ವೈಸರು ಕೇಳಿದ. ಗರ್ಭಚೀಲ ಎಂದೆ. ಅವನು ಕಿವಿಯವರೆಗೆ ಕೆಂಪಾಗಿ, ಮುಂದೆ ಒಂದೂ ಪ್ರಶ್ನೆ ಕೇಳದೆ ಸಹಿ ಹಾಕಿದ.

ಮೂರು ವರ್ಷದಿಂದ ನಾನು ಕಪ್ಪು, ಕಂದು, ಕಡುನೀಲಿ ಬಿಟ್ಟು ಬೇರೆ ಬಣ್ಣದ ಸೀರೆ ಉಟ್ಟಿರಲಿಲ್ಲ, ಯಾವಾಗ ಎಲ್ಲಿ ಕಲೆಯಾಗುತ್ತದೋ ಎಂಬ ಭಯ. ಈ ಬೇಸಿಗೆಯಲ್ಲಿ ಓಣಿಯ ಒಂದು ಮದುವೆಗೆ ಕೆನೆ ಬಣ್ಣದ ಸೀರೆ ಉಟ್ಟು ಹೋದೆ. ಊಟದ ಸಾಲಿನಲ್ಲಿ ಎದುರಿಗೆ ಕೂತ ಹೆಂಗಸೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನವ್ವಾ, ಗಂಡ ಇದ್ದಾಕಿ ಮದವ್ಯಾಗ ಬಿಳೇದ ಉಟಗೊಂಡ ಬಂದೀ?" ಎಂದಳು.

"ಚಂದ ಕಾಣತೇತಿಲ್ಲೋ?" ಎಂದು ನಾನು ಗಂಡನನ್ನು ಕೇಳಿದೆ.

ಪಕ್ಕದಲ್ಲೇ ಕೂತಿದ್ದ ಅವನು ತಲೆಯೆತ್ತದೆ, "ಭಾಳ ಚಲೋ ಐತಿ" ಎಂದ. ನನ್ನ ಸೀರೆಗೋ, ತನ್ನ ಎಲೆಯ ಮೇಲಿನ ಜಿಲೇಬಿಗೋ ಹೇಳಿದ್ದು ತಿಳಿಯಲಿಲ್ಲ.